ಮುಚ್ಚಿದ ಕಣ್ಣು ತೆರೆಸುವ ತಾಜುನ್ನೀಸಾ

ಬೆಳಗ್ಗೆ ಆರಕ್ಕೆ ಇನ್ನೂ ಐದು ನಿಮಿಷ ಬಾಕಿ. ಮುಳಬಾಗಿಲಿನ ಹಳೇ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದೇ ಒಂದು ಬಾಗಿಲು ತೆರೆದಿದೆ. ಒಳಗೆ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಆಂಜಿ ಎಂಬುವವರು ಕೂತಿದ್ದಾರೆ. ನಲವತ್ತು ದಾಟಿದ ಆಳು, ಕೋಲಾರದ ಟೊಮೆಟೊ ಮಂಡಿಯಲ್ಲಿ ಕ್ರೇಟು ಹೊರುವ ಕೆಲಸ. ಅವರ ಅಣ್ಣ ಕದಿರಪ್ಪ ತೀರಿಕೊಂಡು ಇವತ್ತಿಗೆ ಎಂಟು ದಿನ. ಎದುರಿಗೆ ನೆಲದ ಮೇಲೆ ಚಾಪೆ ಹಾಸಿಕೊಂಡು, ಮೊಣಕಾಲಿಗೆ ಒಂದು ಹಲಗೆ ಆನಿಸಿಕೊಂಡು ಕೂತಿರುವವರು ತಾಜುನ್ನೀಸಾ. ಐವತ್ತೆಂಟು ವರ್ಷ. ಹಲಗೆಯ ಮೇಲೆ ಕದಿರಪ್ಪನವರ ಮುಖ ಪೂರ್ತಿಯಾಗಿದೆ, ಮೀಸೆ ಬಂದಿದೆ, ಹೆಗಲ ಮೇಲಿನ ಟವಲ್ಲೂ ಬಂದಿದೆ. ಕಣ್ಣಿನ ಜಾಗ ಮಾತ್ರ ಖಾಲಿ.

"ತಲೆ ಅಲ್ಲಾಡಿಸ್ಬೇಡಿ ಅಣ್ಣಾ. ಅಳು ಬಂದ್ರೆ ಪೂರ್ತಿ ಅತ್ತುಬಿಡಿ, ಆಮೇಲೆ ಮುಖ ತೊಳ್ಕೊಂಡು ಬನ್ನಿ. ಅರ್ಧಂಬರ್ಧ ತಡ್ಕೊಂಡ್ರೆ ರೆಪ್ಪೆ ಊದ್ಕೊಳ್ಳುತ್ತೆ," ಎನ್ನುತ್ತಾರೆ ತಾಜುನ್ನೀಸಾ. ಆಂಜಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಕೂರುತ್ತಾರೆ. ಆಗ ಇವರು ಕುಂಚ ಎತ್ತಿಕೊಂಡು ಒಂದು ಪ್ರಶ್ನೆ ಕೇಳುತ್ತಾರೆ. ಈ ಕೋಣೆಗೆ ಬಂದವರೆಲ್ಲರಿಗೂ ಅದೇ ಪ್ರಶ್ನೆ.

"ನಿಮ್ಮಣ್ಣಂಗೆ ಸಿಟ್ಟು ಯಾವಾಗ ಬರ್ತಿತ್ತು?"

ಆಂಜಿ ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. "ಕ್ರೇಟಲ್ಲಿ ಮೇಲೆ ಒಳ್ಳೆ ಹಣ್ಣು ಇಟ್ಟು ಕೆಳಗೆ ಕೊಳೆತಿದ್ದು ತುಂಬಿದ್ರೆ. ಅವಾಗ ನೋಡ್ಬೇಕಿತ್ತಮ್ಮಾ ನಮ್ಮಣ್ಣನ್ನ! ಇಡೀ ಮಂಡಿಗೇ ಕೇಳ್ಸೋ ಹಂಗೆ ಬೈಯೋನು," ಎನ್ನುವಾಗ ಅವರ ಕಣ್ಣು ಅಗಲವಾಗುತ್ತದೆ, ಹುಬ್ಬು ಮೇಲೇರುತ್ತದೆ. ತಾಜುನ್ನೀಸಾ ಕಾಯುತ್ತಿದ್ದದ್ದು ಅದಕ್ಕೇ. ಮುಕ್ಕಾಲು ಗಂಟೆ ಕುಂಚದ್ದೇ ಕೆಲಸ. ಹಲಗೆ ತಿರುಗಿಸಿ ತೋರಿಸಿದಾಗ ಆಂಜಿಯವರ ಬಾಯಲ್ಲಿ ಕನ್ನಡ ನಿಲ್ಲುವುದಿಲ್ಲ. "ಇವೇ ಅಮ್ಮಾ, ಮಾ ಅಣ್ಣ ಕಂಡ್ಲು ಇವೇ!" ಇವೇ ನಮ್ಮಣ್ಣನ ಕಣ್ಣು ಎಂದು ತೆಲುಗಿನಲ್ಲಿ ಹೇಳಿ, ಕೈ ಮುಗಿದು, ಗೋಡೆಗೆ ಮುಖ ಮಾಡಿಕೊಂಡು ನಿಲ್ಲುತ್ತಾರೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ವಯಸ್ಸಾದವರ ಒಂದು ನೆಟ್ಟಗಿನ ಫೋಟೊ ಇರುವುದಿಲ್ಲ. ಆಧಾರ್ ಕಾರ್ಡಿನಲ್ಲಿರುವುದು ಯಾರ ಮುಖವೋ ಅವರಿಗೇ ಗೊತ್ತಾಗದು. ಹೀಗಾಗಿ ಸತ್ತ ಮೇಲೆ, ಗೋಡೆಗೆ ಒರಗಿಸಿ ಕೂರಿಸಿದ ದೇಹದ ಫೋಟೊವನ್ನು ಯಾರಾದರೂ ಮೊಬೈಲಿನಲ್ಲಿ ತೆಗೆಯುತ್ತಾರೆ. ಗದ್ದಕ್ಕೆ ಬಟ್ಟೆ ಕಟ್ಟಿರುತ್ತದೆ, ಕಣ್ಣು ಮುಚ್ಚಿರುತ್ತದೆ. ಹನ್ನೊಂದನೇ ದಿನದ ತಿಥಿಗೆ ಪಟ ಬೇಕು. ಆ ಮುಚ್ಚಿದ ಕಣ್ಣನ್ನು ತೆರೆಸಿಕೊಡಿ ಎಂದು ಜನ ತಾಜುನ್ನೀಸಾ ಬಳಿ ಬರುತ್ತಾರೆ. ಮುಚ್ಚಿದ ರೆಪ್ಪೆಯ ಹಿಂದೆ ಏನಿತ್ತೆಂದು ಇವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಇವರದೇ ಒಂದು ದಾರಿ ಇದೆ. ಸತ್ತವರ ಕಣ್ಣು ಮನೆಯಲ್ಲಿ ಯಾರಿಗೆ ಬಂದಿದೆ ಎಂದು ಕೇಳಿ, ಅವರನ್ನು ಎದುರಿಗೆ ಕೂರಿಸಿಕೊಂಡು ಬರೆಯುವುದು. ಅದೂ ಬೆಳಕು ಹರಿಯುವ ಹೊತ್ತಿನಲ್ಲೇ.

"ಲೈಟ್ ಹಾಕಿದ್ರೆ ಎಲ್ರ ಕಣ್ಣೂ ಒಂದೇ ಥರ ಹೊಳೀತವೆ. ಬಿಸಿಲು ಬಂದ್ಮೇಲೆ ಜನ ಕಣ್ಣು ಕಿರಿದು ಮಾಡ್ತಾರೆ. ಈ ಮುಕ್ಕಾಲು ಗಂಟೆ ಇದ್ಯಲ್ಲ, ಇದ್ರಲ್ಲೇ ಕಣ್ಣು ಕಣ್ಣಿನ ಥರ ಇರೋದು," ಎನ್ನುತ್ತಾರೆ. ಸಿಟ್ಟಿನ ವಿಷಯ ಯಾಕೆ ಕೇಳುತ್ತೀರಿ ಎಂದರೆ ನಗು. "ಸತ್ತೋರ ಬಗ್ಗೆ ಎಲ್ರೂ ಒಳ್ಳೇದೇ ಹೇಳ್ತಾರಮ್ಮಾ. ಒಳ್ಳೇದು ಹೇಳುವಾಗ ಮುಖದಲ್ಲಿ ಏನೂ ಇರಲ್ಲ. ಸಿಟ್ಟು ನೆನೆಸ್ಕೊಂಡ್ರೆ ಆ ಮನುಷ್ಯ ಬಂದು ಕೂತ್ಕೋತಾನೆ."

ತಾಜುನ್ನೀಸಾ ಹುಟ್ಟಿದ್ದು ಶ್ರೀನಿವಾಸಪುರದಲ್ಲಿ. ತಂದೆ ಮಾವಿನ ಮಂಡಿಯಲ್ಲಿ ಪೆಟ್ಟಿಗೆಗೆ ಹುಲ್ಲು ಹಾಸಿ ಹಣ್ಣು ತುಂಬುತ್ತಿದ್ದರು. ಹತ್ತೊಂಬತ್ತಕ್ಕೆ ಮದುವೆಯಾಗಿ ಮುಳಬಾಗಿಲಿಗೆ ಬಂದರು. ಗಂಡ ಲಿಯಾಖತ್ ಅಂಗಡಿಗಳ ಬೋರ್ಡು, ಲಾರಿಗಳ ಹಿಂಭಾಗ, ಗೋಡೆ ಜಾಹೀರಾತು ಬರೆಯುತ್ತಿದ್ದರು. ಅವರು ಅಕ್ಷರದ ಗೆರೆ ಎಳೆದು ಕೊಟ್ಟರೆ ಇವರು ಮನೆಯೊಳಗೆ ಕೂತು ಬಣ್ಣ ತುಂಬುತ್ತಿದ್ದರು. ಫ್ಲೆಕ್ಸ್ ಬಂತು, ಬೋರ್ಡಿನ ಕೆಲಸ ಹೋಯಿತು. ಲಿಯಾಖತ್ ಸತ್ತವರ ಪಟ ಬರೆಯಲು ತೊಡಗಿದರು. ಆದರೆ ಆ ಹೊತ್ತಿಗೆ ಅವರ ಕೈ ನಡುಗತೊಡಗಿತ್ತು. ಟವಲ್ಲು, ಸೀರೆ, ಕುರ್ಚಿ ಎಲ್ಲ ಬರೆಯುತ್ತಿದ್ದರು, ಕಣ್ಣಿಗೆ ಬಂದಾಗ ಹಲಗೆಯನ್ನು ಹೆಂಡತಿಯ ಕಡೆ ತಳ್ಳುತ್ತಿದ್ದರು. ಜನರಿಗೆ ಅದು ಗೊತ್ತಿರಲಿಲ್ಲ. ಪಟದ ಮೂಲೆಯಲ್ಲಿ ಇರುತ್ತಿದ್ದದ್ದು ಲಿಯಾಖತ್ ಅವರ ಹೆಸರೇ. ಅವರು ತೀರಿಕೊಂಡು ಹದಿಮೂರು ವರ್ಷವಾಯಿತು.

ಪಟದ ಅಚ್ಚುಗೆರೆ ತೆಗೆದ ತೆಳು ಹಾಳೆಯನ್ನು ತಾಜುನ್ನೀಸಾ ಎಸೆಯುವುದಿಲ್ಲ. ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ. ಮಗಳು ಬುಶ್ರಾ ಈಚೆಗೆ ಎಣಿಸಿ ನೋಡಿದರಂತೆ: ಸಾವಿರದ ನಾನೂರ ಅರವತ್ತೆರಡು ಮುಖಗಳು. ಬಣ್ಣ ಆರುವುದೂ ಸೇರಿ ಒಂದು ಪಟಕ್ಕೆ ಆರೇಳು ದಿನ, ಅದರಲ್ಲಿ ಕಣ್ಣಿಗೇ ಎರಡು ಬೆಳಗು: ಮೊದಲನೆಯದು ಬರೆಯಲು, ಎರಡನೆಯದು ತಿದ್ದಲು. ಮೊದಲು ತಿಂಗಳಿಗೆ ಒಂಬತ್ತು ಹತ್ತು ಪಟ ಬರುತ್ತಿತ್ತು, ಈಗ ಮೂರು ನಾಲ್ಕು. ಮೊಬೈಲಿನಲ್ಲೇ ಹತ್ತು ನಿಮಿಷಕ್ಕೆ ಕಣ್ಣು ತೆರೆಸಿ ಪ್ರಿಂಟು ಹಾಕಿಕೊಡುವ ಅಂಗಡಿಗಳಿವೆ. ತಾಜುನ್ನೀಸಾಗೆ ಆ ಬಗ್ಗೆ ದೂರಿಲ್ಲ. "ಚೆನ್ನಾಗೇ ಮಾಡ್ತಾರೆ. ಆದ್ರೆ ಆ ಕಣ್ಣು ಯಾರದ್ದು ಅಂತ ಅವ್ರಿಗೂ ಗೊತ್ತಿಲ್ಲ," ಎಂದು ಅಷ್ಟಕ್ಕೇ ಬಿಡುತ್ತಾರೆ.

ನಾನು ಈ ಗಲ್ಲಿಗೆ ಸುಮ್ಮನೆ ಬಂದವಳಲ್ಲ. ಹನ್ನೊಂದು ವರ್ಷದ ಹಿಂದೆ ನನ್ನ ಅಮ್ಮ ಭಾರತಮ್ಮ ತೀರಿಕೊಂಡಾಗ ಅವರ ಪಟ ಬರೆದವರು ಇವರೇ. ಸೂತಕದಲ್ಲಿ ಮನೆ ಬಿಟ್ಟು ಹೊರಡಬಾರದೆಂದು ಹಿರಿಯರು ಹೇಳಿದ್ದರಿಂದ ತಾಜುನ್ನೀಸಾ ಎರಡು ದಿನ ಬೆಳಗಿನ ಮೊದಲ ಬಸ್ಸು ಹಿಡಿದು ತಾಯಲೂರು ಪಕ್ಕದ ನಮ್ಮೂರಿಗೆ ಬಂದು, ನಮ್ಮ ಜಗಲಿಯಲ್ಲಿ ಕೂತು, ನನ್ನ ಕಣ್ಣು ನೋಡಿಕೊಂಡು ಅಮ್ಮನ ಕಣ್ಣು ಬರೆದಿದ್ದರು. ನನಗಾಗ ಇಪ್ಪತ್ನಾಲ್ಕು, ಪತ್ರಿಕೆಯ ಕೆಲಸಕ್ಕೆ ಸೇರಿ ಮೂರು ತಿಂಗಳು. ಇಂಥವರ ಬಗ್ಗೆ ಬರೆಯಬೇಕು ಎಂದು ಅಂದೇ ಅಂದುಕೊಂಡಿದ್ದೆ. ಬರೆಯಲು ಹನ್ನೊಂದು ವರ್ಷ ಹಿಡಿಯಿತು. ಆದರೂ ದೊಡ್ಡ ಉಪಕಾರ ಮಾಡಲು ಹೊರಟವಳ ಹಾಗೆ, ಹೊಸ ನೋಟ್‌ಬುಕ್ ಹಿಡಿದುಕೊಂಡೇ ಬಂದಿದ್ದೆ.

ಮಾತಿನ ನಡುವೆ ತಾಜಮ್ಮ (ನಮ್ಮ ಕಡೆ ಎಲ್ಲರೂ ಅವರನ್ನು ಕರೆಯುವುದು ಹಾಗೇ) ಬಸಂತಿಯ ಕತೆ ಹೇಳುತ್ತಾರೆ. ಒಡಿಶಾದ ಯಾವುದೋ ಒಳಹಳ್ಳಿಯ ಹುಡುಗಿ. ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ, ಐದು ಜನ ಸೇರಿ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ವಾಸ. ಮೂರು ವರ್ಷದ ಹಿಂದೆ ಡೆಂಗಿ ಜ್ವರ ಬಂದು ನಾಲ್ಕೇ ದಿನದಲ್ಲಿ ಹೋಗಿಬಿಟ್ಟಳು. ಅವಳ ಜೊತೆಗಿದ್ದ ಶ್ರೀನಿವಾಸಪುರದ ಪವಿತ್ರ ಎಂಬ ಹುಡುಗಿ ಶಿಫ್ಟು ಮುಗಿಸಿಕೊಂಡು, ಕಂಪನಿಯ ಗುರುತಿನ ಚೀಟಿ ಕೊರಳಲ್ಲಿ ಹಾಗೇ ಇದ್ದಂತೆ, ಇಲ್ಲಿಗೆ ಬಂದಿದ್ದಳು.

ಬಸಂತಿಯ ಫೋಟೊಗಳಿಗೇನೂ ಬರವಿರಲಿಲ್ಲ. ಮೊಬೈಲಿನಲ್ಲಿ ನೂರಾರು ಇದ್ದವು. ಕಷ್ಟ ಇದ್ದದ್ದೇ ಅಲ್ಲಿ. ಪ್ರತಿಯೊಂದನ್ನೂ ಅವಳು ಫಿಲ್ಟರ್ ಹಾಕಿ ತೆಗೆದುಕೊಂಡಿದ್ದಳು. ಎಲ್ಲದರಲ್ಲೂ ಹಾಲಿನಂಥ ಬಿಳುಪು, ಅಗಲ ಕಣ್ಣು, ಸಣ್ಣ ಮೂಗು. ಪವಿತ್ರ ಅವನ್ನು ಊರಿಗೆ ಕಳಿಸಿದಾಗ ತಾಯಿ ನೋಡಿ, ಇವಳು ನನ್ನ ಮಗಳಲ್ಲ ಎಂದುಬಿಟ್ಟರಂತೆ. ಎರಡು ವರ್ಷದಿಂದ ಆ ತಾಯಿ ಮಗಳ ನಿಜವಾದ ಮುಖ ನೋಡಿರಲಿಲ್ಲ, ಕೊನೆಗೆ ಊರು ತಲುಪಿದ ಪೆಟ್ಟಿಗೆಯಲ್ಲಿ ನೋಡಿದ ಮುಖ ನೆನಪಿಟ್ಟುಕೊಳ್ಳುವಂತಿರಲಿಲ್ಲ.

"ಕಣ್ಣು ಮುಚ್ಚಿದ್ದನ್ನ ತೆರೆಸಿದ್ದೀನಿ. ಬಿಳೀ ಮಾಡಿರೋದನ್ನ ಕಪ್ಪು ಮಾಡೋದು ಅದೇ ಮೊದಲು," ಎನ್ನುತ್ತಾರೆ ತಾಜಮ್ಮ. ಬೇರೆ ದಾರಿ ಕಾಣದೆ ವಿಡಿಯೊ ಕಾಲ್ ಮಾಡಿಸಿದರು. ತಾಯಿಗೆ ಸಿಗ್ನಲ್ ಸಿಗಬೇಕಾದರೆ ಊರಾಚೆಯ ಗುಡ್ಡ ಹತ್ತಬೇಕು. ಆರು ದಿನ, ದಿನಾ ಬೆಳಗ್ಗೆ ಆ ಹೆಂಗಸು ಗುಡ್ಡದ ಮೇಲೆ ಫೋನು ಹಿಡಿದು ಕೂತರು, ಇವರು ಇಲ್ಲಿ ಚಾಪೆಯ ಮೇಲೆ ಕೂತರು. ಅವರ ಭಾಷೆ ಇವರಿಗಿಲ್ಲ, ಇವರ ಭಾಷೆ ಅವರಿಗಿಲ್ಲ. ಮೊದಲ ದಿನ ಪವಿತ್ರ ತನಗೆ ಬಂದಷ್ಟು ಹಿಂದಿಯಲ್ಲಿ ಆಚೀಚೆ ಮಾತು ದಾಟಿಸಿದಳು. ಎರಡನೇ ದಿನದಿಂದ ಅವಳಿಗೆ ಶಿಫ್ಟು.

"ಮತ್ತೆ ಹೇಗೆ ಮಾತಾಡ್ತಿದ್ರಿ?"

"ಮಾತೆಲ್ಲಿ? ನಾನು ಬಣ್ಣ ಕಲೆಸಿ ಫೋನಿಗೆ ಹಿಡೀತಿದ್ದೆ. ಆಯಮ್ಮ ಇಲ್ಲಾಂತ ತಲೆ ಆಡಿಸ್ತಿದ್ಲು, ಕೈಯಲ್ಲಿ ಮಣ್ಣು ತಗೊಂಡು ತೋರಿಸ್ತಿದ್ಲು. ಹಿಂಗಿರ್ಬೇಕು ಬಣ್ಣ ಅಂತ. ಒಂದಿನ ಇಬ್ರೂ ಏನೂ ಮಾಡ್ಲಿಲ್ಲ, ಸುಮ್ನೆ ಅತ್ಕೊಂಡು ಕೂತಿದ್ವಿ. ಅವಳ್ಯಾಕೆ ಅತ್ಲು ಗೊತ್ತು. ನಾನ್ಯಾಕೆ ಅತ್ತೆ ಅಂತ ಅವಳು ಕೇಳ್ಲಿಲ್ಲ."

ಅವರು ಯಾಕೆ ಅತ್ತರು ಎಂದು ನಾನೂ ಕೇಳಲಿಲ್ಲ. ಗಂಡ ಹೋದ ಮೇಲೆ ಈ ಕೋಣೆಯಲ್ಲಿ ದಿನವೆಲ್ಲ ಒಬ್ಬರೇ, ಸತ್ತವರ ಮುಖಗಳ ಜೊತೆ ಕೂತಿರುವವರು. ಕೊನೆಯ ದಿನ ಪಟ ತೋರಿಸಿದಾಗ ಆ ತಾಯಿ ಫೋನನ್ನು ಮುಖಕ್ಕೆ ಒತ್ತಿಕೊಂಡರಂತೆ. ಇವರಿಗೆ ಕಂಡದ್ದು ಬರೀ ಕತ್ತಲೆ ಮತ್ತು ಉಸಿರಿನ ಸದ್ದು. ನೋಟ್‌ಬುಕ್ಕಿನ ಮೇಲ್ತುದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಂಡೆ: 'ದುಃಖಕ್ಕೆ ಜಾತಿಯಿಲ್ಲ, ಭಾಷೆಯಿಲ್ಲ.' ಶೀರ್ಷಿಕೆ ಸಿಕ್ಕಿತು ಎಂದು ಒಳಗೊಳಗೇ ಖುಷಿಯೂ ಆಯಿತು. ಅದೇ ಖುಷಿಯಲ್ಲಿ ಮುಂದಿನ ಪ್ರಶ್ನೆ ಕೇಳಿದೆ. ಕದಿರಪ್ಪನವರ ಪಟದ ಮೂಲೆಯಲ್ಲಿ ಹೆಸರಿಲ್ಲವಲ್ಲ, ನೀವು ಸಹಿ ಹಾಕುವುದಿಲ್ಲವೇ?

"ಯಜಮಾನ್ರು ಇದ್ದಾಗ ಅವರ ಹೆಸರಿತ್ತು. ಅವರು ಹೋದ್ಮೇಲೆ ಒಂದೆರಡು ವರ್ಷ ನಾನು ಹಾಕ್ತಿದ್ದೆ. ತಾಜು ಅಂತ, ಇಷ್ಟೇ ಇಷ್ಟು. ಒಬ್ರು ಬೇಡಾಂದ್ರು. ಆಮೇಲೆ ಬಿಟ್ಬಿಟ್ಟೆ."

"ಯಾರು ಹಾಗಂದಿದ್ದು? ಇದನ್ನ ಬರೀಲೇಬೇಕು ತಾಜಮ್ಮ," ಎಂದೆ. ನನ್ನ ದನಿ ಏರಿತ್ತು. ಇಂಥ ಜನಕ್ಕೆ ನಾಚಿಕೆಯಾಗಬೇಕು ಎಂದೂ ಸೇರಿಸಿದೆ. ಅವರು ಕುಂಚ ತೊಳೆಯುವುದರಲ್ಲೇ ಮಗ್ನರಾದರು. "ಹಳೇದು ಬಿಡಮ್ಮಾ. ಅದೆಲ್ಲ ಯಾಕೆ."

ಬುಶ್ರಾ ಟೀ ತಂದಿಟ್ಟು, ನಿಮ್ಮಮ್ಮನ ಹಾಳೆ ತೋರಿಸ್ತೀನಿ ಅಕ್ಕಾ ಎಂದು ಟ್ರಂಕು ತೆರೆದರು. ಖಾಸಗಿ ಶಾಲೆಯಲ್ಲಿ ಪಾಠ ಮಾಡುವ ಹೆಣ್ಣುಮಗಳು, ಎಲ್ಲವನ್ನೂ ವರ್ಷವಾರು ಜೋಡಿಸಿಟ್ಟಿದ್ದಾರೆ. ಹಾಳೆ ಹೊರಬಂತು. ಪೆನ್ಸಿಲ್ ಗೆರೆಯಲ್ಲಿ ನನ್ನ ಅಮ್ಮ. ಕೆಳಗೆ ಉರ್ದುವಿನಲ್ಲಿ ನಾಲ್ಕು ಸಾಲು. ಪ್ರತಿ ಹಾಳೆಯಲ್ಲೂ ತಾಜಮ್ಮ ಹೀಗೆ ಗುರುತು ಹಾಕಿಕೊಳ್ಳುತ್ತಾರೆ. ಓದಿ ಹೇಳು ಎಂದೆ. ಬುಶ್ರಾ ಕನ್ನಡ ಮಾಡಿ ಓದತೊಡಗಿದರು. "ತಾಯಲೂರು ಹತ್ರ, ಭಾರತಮ್ಮ. ಕಣ್ಣು: ಚಿಕ್ಕ ಮಗಳದ್ದು. ಸಿಟ್ಟು: ಊಟ ಆದ್ಮೇಲೆ ತಟ್ಟೇಲೇ ಕೈ ತೊಳೆದ್ರೆ." ನಾನು ನಕ್ಕೆ. ನನ್ನಮ್ಮನೇ ಎದುರು ಬಂದು ಕೂತಂತಾಯಿತು. ಬುಶ್ರಾ ನಾಲ್ಕನೇ ಸಾಲು ಓದದೆ ಹಾಳೆ ಮಡಚಿದರು.

"ಅದೇನಿದೆ? ಓದು."

ಬುಶ್ರಾ ತಾಯಿಯ ಮುಖ ನೋಡಿದರು. ತಾಯಿ ತಲೆ ಎತ್ತಲಿಲ್ಲ. ನಾನು ಬಿಡಲಿಲ್ಲ, ಹಟ ಮಾಡಿದೆ. ಕೊನೆಗೆ ಬುಶ್ರಾ ಸಣ್ಣ ದನಿಯಲ್ಲಿ ಓದಿದರು. "ಹೆಸರು ಅಳಿಸಿದೆ. ಮಗಳು ಬೇಡಾಂದಳು. ಇನ್ಮೇಲೆ ಹಾಕಬಾರದು."

ನನಗೆ ನೆನಪೇ ಇರಲಿಲ್ಲ. ಓದುಗರೇ, ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ? ಮಾಡಿದ್ದು ಒಂದು ತಪ್ಪು, ಮರೆತದ್ದು ಅದಕ್ಕಿಂತ ದೊಡ್ಡದು. ಅವರು ಹನ್ನೊಂದು ವರ್ಷ ಪಾಲಿಸಿಕೊಂಡು ಬಂದದ್ದನ್ನು ನಾನು ಒಂದು ವಾರವೂ ನೆನಪಿಟ್ಟುಕೊಂಡಿರಲಿಲ್ಲ. ಆ ಹಾಳೆ ನೋಡುತ್ತಾ ಕೂತಾಗ ಒಂದೊಂದಾಗಿ ಎಲ್ಲ ಬಂತು. ಪಟದ ಬಲಮೂಲೆಯಲ್ಲಿ, ಅಮ್ಮನ ಸೀರೆಯ ಅಂಚಿನ ಕೆಳಗೆ, ಅಕ್ಕಿಕಾಳಿನಷ್ಟು ಚಿಕ್ಕದಾಗಿ ಬರೆದ ಹೆಸರು. "ಪೂಜೆ ಮಾಡೋ ಪಟ ಅಲ್ವಾ, ಬೇರೆ ಹೆಸರಿದ್ರೆ ಚೆನ್ನಾಗಿರಲ್ಲ. ನಮ್ಮಪ್ಪ ಒಪ್ಪಲ್ಲ," ಎಂದಿದ್ದೆ. 'ಬೇರೆ ಹೆಸರು' ಎಂಬ ಮಾತನ್ನು ಎಷ್ಟು ಮೆತ್ತಗೆ, ಎಷ್ಟು ಮರ್ಯಾದೆಯಿಂದ ಹೇಳಿದ್ದೆ! ಬಣ್ಣ ಇನ್ನೂ ಹಸಿಯಾಗಿತ್ತು. ಅವರು ಹತ್ತಿಗೆ ಟರ್ಪೆಂಟೈನ್ ತಾಗಿಸಿ ಒರೆಸಿ, ಆ ಜಾಗಕ್ಕೆ ಸೀರೆಯ ಬಣ್ಣ ಹಚ್ಚಿ ಕೊಟ್ಟಿದ್ದರು.

ಅದರ ಹಿಂದೆಯೇ ಇನ್ನೊಂದು ನೆನಪಾಯಿತು. ಮೇಲೆ 'ನಮ್ಮ ಜಗಲಿಯಲ್ಲಿ ಕೂತು' ಎಂದು ಎಷ್ಟು ಸಲೀಸಾಗಿ ಬರೆದಿದ್ದೇನೆ ನೋಡಿ. ಸೂತಕದ ಮನೆ, ಆದ್ದರಿಂದ ಹೊರಗೆ ಚಾಪೆ ಹಾಕಿದೆವು ಎಂದೇ ಇಷ್ಟು ವರ್ಷ ನಂಬಿಕೊಂಡಿದ್ದೆ. ಆ ಎರಡು ದಿನವೂ ನೆಂಟರು, ಹಾಲು ತರುವವರು, ಶಾಮಿಯಾನದವರು ಅದೇ ಬಾಗಿಲಲ್ಲಿ ಒಳಗೆ ಹೋಗಿ ಬರುತ್ತಿದ್ದರು. ಅವರಿಗೆಲ್ಲ ಇಲ್ಲದ ಸೂತಕ ತಾಜಮ್ಮನಿಗೆ ಮಾತ್ರ ಇತ್ತು. ಟೀ ಕೊಟ್ಟದ್ದು ಕಾಗದದ ಲೋಟದಲ್ಲಿ. ಉಳಿದವರಿಗೆ ಸ್ಟೀಲಿನದು.

ಕ್ಷಮಿಸಿ ಎಂದೆ. ಆ ಪದ ನನ್ನ ಬಾಯಲ್ಲಿ ಬಹಳ ಅಗ್ಗವಾಗಿ ಕೇಳಿಸಿತು. ನೋಟ್‌ಬುಕ್ಕಿನ ದಪ್ಪ ಅಕ್ಷರದ ಸಾಲನ್ನು ಗೀಚಿ ಹಾಕಿದೆ.

"ತಾಯಿ ಸತ್ತು ಎಂಟು ದಿನ ಆಗಿತ್ತು ನಿನಗೆ. ಆವಾಗ ಯಾರು ಏನಂತಾರೋ ಅವ್ರಿಗೇ ಗೊತ್ತಿರಲ್ಲ," ಎಂದರು ತಾಜಮ್ಮ. ತೊಳೆದ ಕುಂಚಗಳನ್ನು ಒರೆಸಿಡುತ್ತಾ ಮತ್ತೆ ಹೇಳಿದರು. "ಬೇಜಾರಾಯ್ತು. ಆಗ್ಲಿಲ್ಲ ಅಂದ್ರೆ ಸುಳ್ಳು ಹೇಳ್ದಂಗಾಗುತ್ತೆ. ಯಜಮಾನ್ರು ಇದ್ದಾಗಿಂದ ಕಣ್ಣು ಬರ್ದೋಳು ನಾನೇ, ಹೆಸರು ಹಾಕೋಕೆ ಶುರು ಮಾಡಿ ಎರಡೇ ವರ್ಷ ಆಗಿತ್ತು. ಬಸ್ಸಲ್ಲಿ ವಾಪಸ್ ಬರ್ತಾ ಅಂದ್ಕೊಂಡೆ, ಇನ್ನೊಬ್ರ ಬಾಯಲ್ಲಿ ಈ ಮಾತು ಕೇಳೋದಕ್ಕಿಂತ ನಾನೇ ಬಿಡೋದು ವಾಸಿ ಅಂತ."

ಬರೆಯುವುದನ್ನೇ ಬಿಟ್ಟು ಎದ್ದು ಹೋಗೋಣ ಎನ್ನಿಸಿತು. ಈ ಲೇಖನ ಬರೆಯಲು ನನಗಿಂತ ಅರ್ಹತೆ ಇಲ್ಲದವರು ಜಿಲ್ಲೆಯಲ್ಲಿ ಯಾರೂ ಇರಲಿಕ್ಕಿಲ್ಲ. ಆದರೆ ಬರೆಯದೇ ಬಿಟ್ಟರೆ ಅವರ ಹೆಸರನ್ನು ಎರಡನೇ ಸಲ ಅಳಿಸಿದಂತೆ ಎಂದುಕೊಂಡು ಕೂತೆ. ಏನಾದರೂ ಕೇಳಬೇಕಲ್ಲ ಎಂದು, ನಾವು ಪತ್ರಿಕೆಯವರು ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದೆ. ನಿಮಗೇನಾದರೂ ಆಸೆ ಇದೆಯೇ? ಪಿಂಚಣಿ, ಪ್ರಶಸ್ತಿ?

"ಪ್ರಶಸ್ತಿ ಇಡೋಕೆ ಇಲ್ಲಿ ಜಾಗ ಎಲ್ಲಿದೆ?" ಎಂದು ನಕ್ಕರು. "ಒಂದಿದೆ. ನೀನು ನಗಬಾರ್ದು. ನಾನು ನೆಲದ ಮೇಲೆ ಕೂತು ಬರೀತೀನಿ, ಹಲಗೆ ನನ್ನೆದುರಿಗೇ ಇರುತ್ತೆ. ಜನ ಅದನ್ನ ಬಾಗಿಲ ಮೇಲೆ, ಅಷ್ಟೆತ್ತರಕ್ಕೆ ನೇತಾಕ್ತಾರೆ. ಅಲ್ಲಿಂದ ಅವ್ರು ಮನೆಯೋರನ್ನ ನೋಡ್ಬೇಕು, ಸೂರು ನೋಡ್ಬಾರ್ದು. ಅದಕ್ಕೆ ಕರೀಗುಡ್ಡೆನ ಒಂದು ಕೂದಲೆಳೆಯಷ್ಟು ಕೆಳಗಿಳಿಸಿ ಬರೀತೀನಿ. ಎಲ್ಲಾ ಅಂದಾಜು. ಸರಿಯಾಗಿದ್ಯೋ ಇಲ್ವೋ, ಇವತ್ತಿನವರೆಗೂ ಒಂದೇ ಒಂದು ಪಟಾನೂ ಮೇಲಿದ್ದಾಗ ನೋಡಿಲ್ಲ. ಕಣ್ಣು ಬರೀಬೇಕಾದ್ರೆ ಮನೆಗೆ ಕರೀತಾರೆ, ಪಟ ಕೊಟ್ಮೇಲೆ ಯಾರು ಕರೀತಾರೆ? ಒಂದ್ಸಲ ಕೆಳಗೆ ನಿಂತ್ಕೊಂಡು ನೋಡ್ಬೇಕು. ಅಷ್ಟೇ."

"ನಮ್ಮನೆಗೆ ಬನ್ನಿ ತಾಜಮ್ಮ. ಅಮ್ಮನ ಪಟ ನಡುಮನೆ ಬಾಗಿಲ ಮೇಲೇ ಇದೆ," ಎಂದೆ. ಎಂದವಳು ಅದೇ ಉಸಿರಿನಲ್ಲಿ ಸೇರಿಸಿದೆ, "ಅಪ್ಪನ್ನ ಒಂದು ಮಾತು ಕೇಳಿ ಹೇಳ್ತೀನಿ."

ನನಗೀಗ ಮೂವತ್ತೈದು. ಕ್ಷಮೆ ಕೇಳಿ ಹತ್ತು ನಿಮಿಷವೂ ಆಗಿರಲಿಲ್ಲ. ನನ್ನ ಕಿವಿಗೇ ಆ ಮಾತು ಬಿದ್ದಾಗ ಮುಖ ಎಲ್ಲಿ ಬಚ್ಚಿಡಲಿ ಎನ್ನಿಸಿತು. ಅಪ್ಪ ಚನ್ನರಾಯಪ್ಪನವರು ಬೇಡ ಎನ್ನುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಯಾಕೆಂದರೆ ನಾನು ಅವರನ್ನು ಯಾವತ್ತೂ ಕೇಳಿದವಳೇ ಅಲ್ಲ. ಅಂದು ಅವರ ಹೆಸರು ಹೇಳಿ ತಾಜಮ್ಮನ ಹೆಸರು ಅಳಿಸಿದೆನಲ್ಲ, ಆ ಮೂಲೆಯಲ್ಲೊಂದು ಹೆಸರಿತ್ತು ಎಂಬುದೇ ಅವರಿಗೆ ತಿಳಿಯದು. ಈ ಪುರವಣಿಯನ್ನು ಅವರು ಭಾನುವಾರ ಕಾಫಿಯ ಜೊತೆ ಕೊನೇ ಪುಟದಿಂದ ಓದುತ್ತಾ ಬರುತ್ತಾರೆ. ಅಪ್ಪಾ, ಎದುರು ನಿಂತು ಕೇಳುವ ಧೈರ್ಯ ಬರಲಿಲ್ಲ, ಇಲ್ಲಿ ಕೇಳುತ್ತಿದ್ದೇನೆ.

ಅಪ್ಪನನ್ನು ಕೇಳಬೇಕು ಎಂದದ್ದಕ್ಕೆ ತಾಜಮ್ಮ ಮುಖ ಸಣ್ಣದು ಮಾಡಲಿಲ್ಲ.

"ಕೇಳಮ್ಮಾ, ಕೇಳು. ಆ ಮನೆ ಹಿರಿಯರು ಅವ್ರು. ಆಗಲ್ಲ ಅಂದ್ರೆ ಒಂದಿನ ಪಟಾನೇ ಇಲ್ಲಿಗೆ ತಗೊಂಬಾ. ಈ ಬಾಗಿಲ ಮೇಲೆ ಒಂದು ಮೊಳೆ ಹೊಡ್ಕೋತೀನಿ. ಸಂಜೆಗೆ ವಾಪಸ್ ತಗೊಂಡೋಗು."

ಬುಶ್ರಾ ಗಾಬರಿಯಾದರು. "ಅಮ್ಮೀ! ನಮ್ಮನೆ ಗೋಡೆಗೆ ಯಾವತ್ತಾದ್ರೂ ಪಟ ಹಾಕಿದ್ದೀವಾ? ತೀರ್ಕೊಂಡ ಅಬ್ಬಂದೇ ಇಲ್ಲ."

"ಪೂಜೆಗಲ್ಲ ಕಣೇ," ಎಂದರು ತಾಜುನ್ನೀಸಾ, ಬಾಗಿಲ ಮೇಲಿನ ಖಾಲಿ ಗೋಡೆಯನ್ನು ಅಳತೆ ಹಾಕುವವರಂತೆ ನೋಡುತ್ತಾ. "ನನ್ನ ಕೆಲಸ ನಾನು ನೋಡ್ಕೊಳ್ಳೋಕೆ."